ಮೈಮರೆತವರ ಸಾಕ್ಷಿ

ನಮ್ಮ ಬಳ್ಳಾರಿ ಸೀಮೆಯಲ್ಲಿ ಹುಚ್ಚಿಗೆ ಇರುವಷ್ಟು ಮರ್ಯಾದೆ ಬುದ್ಧಿಗೆ ಇಲ್ಲ ಎಂದರೆ ಓದುಗರು ನಕ್ಕಾರು. ಆದರೆ ಸ್ವಲ್ಪ ಯೋಚಿಸಿ ನೋಡಿ. ಚೆಳ್ಳಗುರ್ಕಿಯ ಎರ್ರಿತಾತನ ಹೆಸರು ಹೇಳಿದರೆ ಕೈ ಮುಗಿಯದವರು ಈ ಕಡೆ ಅಪರೂಪ. ತೆಲುಗಿನಲ್ಲಿ 'ಎರ್ರಿ' ಎಂದರೆ ಹುಚ್ಚು. ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಹುಚ್ಚಪ್ಪ, ಹುಚ್ಚಮ್ಮ ಎಂದು ಹರಕೆ ಹೊತ್ತು ಹೆಸರಿಡುತ್ತಾರೆ. ನಮ್ಮವರೇನು ಕಡಿಮೆಯೇ? ಮಸ್ತಾನ್‌ಸಾಬ್, ಮಸ್ತಾನ್‌ವಲಿ, ಮಸ್ತಾನಮ್ಮ ಇವರೆಲ್ಲ ನಮ್ಮ ಓಣಿಗಳಲ್ಲೇ ಇದ್ದಾರೆ. ಫಾರ್ಸಿಯಲ್ಲಿ 'ಮಸ್ತ್' ಎಂದರೆ ಅಮಲೇರಿದವನು. ಲೋಕದ ಲೆಕ್ಕಾಚಾರ ಮರೆತವನನ್ನು ತಾತ ಎಂದೋ ಬಾಬಾ ಎಂದೋ ಕರೆದು ಒಂದು ಹೊತ್ತಿನ ಅನ್ನ ಇಕ್ಕುವ ಈ ಗುಣ ದೊಡ್ಡದು. ಅದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ನನ್ನ ತಕರಾರು ಬೇರೆ. ಮೈಮರೆತವನಿಗೆ ಅನ್ನ ಇಕ್ಕುವುದು ಒಂದು ಮಾತು, ಅವನ ಮಾತನ್ನು ಸಾಕ್ಷಿಯೆಂದು ಸ್ವೀಕರಿಸಿ ಇನ್ನೊಬ್ಬರ ಮೇಲೆ ತೀರ್ಪು ಕೊಡುವುದು ಮತ್ತೊಂದು ಮಾತು. ಮೊದಲನೆಯದು ಕರುಣೆ. ಎರಡನೆಯದು ಅನ್ಯಾಯ.

ಮೈಮರೆಯುವ ಆಸೆ ಈ ನೆಲಕ್ಕೆ ಹೊಸದಲ್ಲ. ಬಳ್ಳಾರಿಯ ಹತ್ತಿರದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಬಿಟ್ಟುಹೋದ ಬಂಡೆಗಳಿವೆ. ಬಂಡೆಯ ಮೇಲೆ ಎತ್ತು, ಮನುಷ್ಯರ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಅಲ್ಲಿನ ಕೆಲವು ಕರಿಬಂಡೆಗಳ ಗುಳಿಗಳನ್ನು ಗುಂಡುಕಲ್ಲಿನಿಂದ ಬಡಿದರೆ ಗಂಟೆಯಂಥ ನಾದ ಹೊರಡುತ್ತದೆ. 1892ರಲ್ಲೇ ಈ ಜಾಗದ ಬಗ್ಗೆ ಬರೆಯಲಾಗಿತ್ತು. 2004ರಲ್ಲಿ ನಿಕೋಲ್ ಬೊಯ್ವಿನ್ ಎಂಬ ಪುರಾತತ್ವ ವಿದುಷಿ ಈ ಚಿತ್ರಗಳನ್ನೂ ನಾದವನ್ನೂ ಒಟ್ಟಿಗೆ ಇಟ್ಟು ನೋಡಿ, ಇವು ಆಚರಣೆಯ ಭಾಗವಾಗಿದ್ದವೆಂದು ವಾದಿಸಿದರು. ಸಾವಿರಾರು ವರ್ಷಗಳ ಹಿಂದೆ ಇದೇ ಬಿಸಿಲಿನಲ್ಲಿ ಯಾರೋ ಒಂದೇ ಲಯದಲ್ಲಿ ಕಲ್ಲು ಬಡಿಯುತ್ತಾ ಕೂತಿದ್ದರು ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಇಂದು ಅದೇ ಸೀಮೆಯಲ್ಲಿ ಮೊಹರಮ್ಮಿಗೆ ಹಲಗೆ ಬಡಿಯುತ್ತಾರೆ. ಲಯ ಮನುಷ್ಯನನ್ನು ತನ್ನಿಂದ ತಾನೇ ಹೊರಗೆ ಕರೆದೊಯ್ಯುತ್ತದೆ ಎಂಬುದು ಹಳೆಯ ಅರಿವು. ಹೊರಗೆ ಹೋದವನು ಅಲ್ಲಿ ಏನನ್ನು ಕಂಡ, ಕಂಡದ್ದು ನಿಜವೇ ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆ ಈಗೇಕೆ? ಏಕೆಂದರೆ ಇತ್ತೀಚೆಗೆ ಎರಡು ಕಡೆಯಿಂದ ಒಂದೇ ಉತ್ತರ ಬರುತ್ತಿದೆ. ಒಂದು ಕಡೆ ಓದಿದವರು. ಅವರ ಕೈಯಲ್ಲಿ ಅಮೆರಿಕದ ಪುಸ್ತಕಗಳಿವೆ. ಅಣಬೆಯ ರಾಸಾಯನಿಕ ನುಂಗಿದರೆ, ಉಸಿರನ್ನು ಹೀಗೆ ಹೀಗೆ ಎಳೆದು ಬಿಟ್ಟರೆ ವಾಸ್ತವದ ಪರದೆ ಸರಿಯುತ್ತದೆ, ನಾವು ಎಚ್ಚರ ಎಂದುಕೊಂಡಿರುವುದೇ ನಿದ್ದೆ ಎನ್ನುತ್ತಾರೆ. ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಮೌನೇಶ್ವರನ ಜಾತ್ರೆಗೆ ಬಂದವರು ಗಾಂಜಾವನ್ನು ಪ್ರಸಾದವಾಗಿ ಸೇವಿಸುವ ಸುದ್ದಿ 2020ರಲ್ಲಿ ಪತ್ರಿಕೆಗಳಲ್ಲಿ ಬಂದಾಗ, 'ನೋಡಿ, ನಮ್ಮ ಹಿರಿಯರಿಗೆ ಇದು ಗೊತ್ತಿತ್ತು' ಎಂದು ಹೆಮ್ಮೆಪಟ್ಟವರನ್ನೂ ಕಂಡಿದ್ದೇನೆ. ಇನ್ನೊಂದು ಕಡೆ ದರ್ಗಾದ ಹೊಸ್ತಿಲಲ್ಲಿ ನವಿಲುಗರಿ ಹಿಡಿದು ಕೂತ ಮುಜಾವರ. ಅವನು ಅಮೆರಿಕದ ಪುಸ್ತಕ ಓದಿಲ್ಲ. ಆದರೆ ಹೇಳುವುದು ಅದನ್ನೇ: ಹಾಜರಿ ಬಂದವಳ ಬಾಯಲ್ಲಿ ಸುಳ್ಳು ಬರುವುದಿಲ್ಲ. ಒಬ್ಬನದು ಇಂಗ್ಲಿಷು, ಒಬ್ಬನದು ದಖನಿ. ಇಬ್ಬರ ವಾದವೂ ಒಂದೇ. ಆದ್ದರಿಂದ ಇಬ್ಬರಿಗೂ ಒಟ್ಟಿಗೆ ಉತ್ತರ ಕೊಡುವುದು ಒಳ್ಳೆಯದು.

ಬೇರೆಯವರ ಅಂಗಳಕ್ಕೆ ಕಾಲಿಡುವ ಮುನ್ನ ನಮ್ಮ ಮನೆಯ ಕಸ ಗುಡಿಸೋಣ. ಮೈಲಾರದ ಕಾರಣಿಕದ ಬಗ್ಗೆ, ಹನ್ನೊಂದು ದಿನ ಉಪವಾಸವಿದ್ದು ಬಿಲ್ಲೇರಿ ನುಡಿಯುವ ಗೊರವಯ್ಯನ ಬಗ್ಗೆ ನಾನು ಮಾತಾಡಬಹುದು. ಆ ಒಂದು ಸಾಲಿನ ನುಡಿಗೆ ಮಳೆ, ಬೆಳೆ, ಸರ್ಕಾರ ಹೀಗೆ ತಮಗೆ ಬೇಕಾದ ಅರ್ಥವನ್ನು ಕೇಳಿದವರೇ ತುಂಬಿಕೊಳ್ಳುತ್ತಾರೆ ಎಂದು ಹೇಳಲೂಬಹುದು. ಆದರೆ ಅದನ್ನು ಅಲ್ಲಿನವರೇ ಚರ್ಚಿಸಲಿ. ನನಗೆ ನಮ್ಮ ಮೊಹರಂ ಸಾಕು.

ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಮೊಹರಂ ನೋಡದವರು ಕರ್ನಾಟಕವನ್ನು ಅರ್ಧವಷ್ಟೇ ನೋಡಿದಂತೆ. ಮುಸಲ್ಮಾನರ ಮನೆ ಒಂದೂ ಇಲ್ಲದ ಊರಲ್ಲೂ ಪೀರಲ ದೇವರು ಕೂಡುತ್ತವೆ. ಅಲಾಯಿ ಕುಣಿಗೆ ಗುದ್ದಲಿ ಬೀಳುತ್ತದೆ. ಸಕ್ಕರೆ ಓದಿಸಲು ಸಾಲು ನಿಲ್ಲುತ್ತದೆ. ಹರಕೆ ಹೊತ್ತವರು ಫಕೀರರಾಗುತ್ತಾರೆ. ಕರ್ಬಲಾದ ಕೊಲೆಯ ರಾತ್ರಿ, 'ಖತಲ್ ರಾತ್ರಿ', ಜನರ ಬಾಯಲ್ಲಿ 'ಕತ್ತಲ ರಾತ್ರಿ'ಯಾಗಿ ಕನ್ನಡದ್ದೇ ಆಗಿಬಿಟ್ಟಿದೆ. ಪೀರು ಹೊರುವವನು ಎಷ್ಟೋ ಕಡೆ ನಾಯಕರ ಹುಡುಗ, ಕುರುಬರ ಗೌಡ. ಇದನ್ನು ಶಿರ್ಕ್ ಎಂದು, ಅನಾಚಾರವೆಂದು ನಮ್ಮ ಕೆಲವು ಮೌಲಾನಾಗಳು ತಳ್ಳಿಹಾಕುತ್ತಾರೆ. ಇದು ನಮ್ಮದಲ್ಲ ಎಂದು ಆ ಕಡೆಯ ಕೆಲವರೂ ದೂರ ಸರಿಯುತ್ತಿದ್ದಾರೆ. ನಾನು ಆ ಎರಡೂ ಗುಂಪಿನಲ್ಲಿಲ್ಲ. ನೆರೆಯವನ ನೋವಿಗೆ ನೆರೆಯವನು ಹೆಗಲು ಕೊಡುವ ಹಬ್ಬ ಇಂದಿನ ದಿನಗಳಲ್ಲಿ ಸುಮ್ಮನೆ ಸಿಗುವ ವಸ್ತುವಲ್ಲ.

ಬೆಂಕಿಯ ವಿಷಯಕ್ಕೆ ಬಂದರೆ ನನಗೆ ಜಗಳವೂ ಇಲ್ಲ, ಬೆರಗೂ ಇಲ್ಲ. ಕೆಂಡ ಹಾಯುವುದು ಪವಾಡ ಎನ್ನುವವರು 1935ರ ಸಂಗತಿಯೊಂದನ್ನು ತಿಳಿದಿರಬೇಕು. ಖುದಾ ಬಕ್ಷ್ ಎಂಬ ಕಾಶ್ಮೀರದ ಮುಸಲ್ಮಾನ ಇಂಗ್ಲೆಂಡಿನಲ್ಲಿ ವಿಜ್ಞಾನಿಗಳ ಎದುರು ಬರಿಗಾಲಲ್ಲಿ ಕೆಂಡ ಹಾಯ್ದ, ಕಾಲು ಸುಡಲಿಲ್ಲ. ಪರೀಕ್ಷೆ ನಡೆಸಿದ ಹ್ಯಾರಿ ಪ್ರೈಸ್ ಮತ್ತವರ ತಂಡ ಕಂಡುಕೊಂಡ ಕಾರಣ ಸರಳ. ಕಟ್ಟಿಗೆಯ ಕೆಂಡ ಶಾಖವನ್ನು ನಿಧಾನವಾಗಿ ದಾಟಿಸುತ್ತದೆ, ಪಾದ ಅದನ್ನು ಮುಟ್ಟುವುದು ಕ್ಷಣಮಾತ್ರ. ನಮ್ಮ ಕೌಲ್ ಬಜಾರಿನ ರೊಟ್ಟಿ ಭಟ್ಟಿಯವರಿಗೂ ಇದು ಗೊತ್ತು. ಉರಿಯುವ ತಂದೂರಿನೊಳಗೆ ಕೈ ಹಾಕಿ ತೆಗೆಯಬಹುದು, ಅದೇ ತಂದೂರಿನಲ್ಲಿ ಕಾದ ಕಬ್ಬಿಣದ ಸರಳು ಮುಟ್ಟಿದರೆ ಚರ್ಮ ಕಿತ್ತು ಬರುತ್ತದೆ. ಧೈರ್ಯ ಬೇಕು, ನಂಬಿಕೆ ಧೈರ್ಯ ಕೊಡುತ್ತದೆ, ಸರಿ. ಆದರೆ ಕೆಂಡ ಸುಡದಿದ್ದದ್ದು ಹಾಯ್ದವನ ಬಾಯಿಂದ ಬರುವ ಮಾತಿಗೆ ಮೊಹರು ಒತ್ತುವುದಿಲ್ಲ.

ನನ್ನ ಜಗಳ ಇರುವುದು ಆ ಬಾಯಿಯ ಜೊತೆ. ಹಲಗೆ ತಾರಕಕ್ಕೇರಿದಾಗ ಪೀರು ಹೊತ್ತವನ ಮೈ ನಡುಗುತ್ತದೆ. ಜನ ಮುಗಿಬಿದ್ದು ಹೇಳಿಕೆ ಕೇಳುತ್ತಾರೆ. ಮಳೆ ಯಾವಾಗ, ಮಗಳ ಮದುವೆ ಯಾವಾಗ ಎಂಬ ಪ್ರಶ್ನೆಗಳಿಂದ ಯಾರಿಗೂ ಕೇಡಿಲ್ಲ. ಆದರೆ ಸಿರುಗುಪ್ಪ ತಾಲ್ಲೂಕಿನ ನದಿ ದಂಡೆಯ ಒಂದು ಹಳ್ಳಿಯಲ್ಲಿ ನಾನು ಕೇಳಿದ ಪ್ರಶ್ನೆ ಅಂಥದ್ದಾಗಿರಲಿಲ್ಲ. ಒಂದೇ ತಿಂಗಳಲ್ಲಿ ಎರಡು ಎಮ್ಮೆ ಕಳಕೊಂಡವನೊಬ್ಬ, 'ಯಾರು ಮಾಡಿಸಿದ್ದು?' ಎಂದು ಕೇಳಿದ. ಪೀರು ಮೂಡಣಕ್ಕೆ ವಾಲಿತು. ಮೂಡಣದಲ್ಲಿ ಇದ್ದದ್ದು ಒಬ್ಬ ಒಂಟಿ ಹೆಂಗಸಿನ ಮನೆ. ಯಾರೂ ಅವಳಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಮಾರನೆಯ ದಿನದಿಂದ ಭತ್ತದ ನಾಟಿಗೆ ಅವಳನ್ನು ಕರೆಯುವುದನ್ನು ಬಿಟ್ಟರು, ಅಷ್ಟೆ. ಕೂಲಿ ಮಾಡಿ ಉಣ್ಣುವವಳಿಗೆ ನಾಟಿಯ ಹಂಗಾಮಿನಲ್ಲಿ ಕರೆ ಬರದಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕೇ? ಎಮ್ಮೆ ಏಕೆ ಸತ್ತವೆಂದು ದನದ ಡಾಕ್ಟರನ್ನು ಯಾರೂ ಕೇಳಲಿಲ್ಲ.

'ಮತ್ತಿನಲ್ಲಿ ಸತ್ಯ ಕಾಣುತ್ತದೆಯೇ' ಎಂಬುದು ಕಾಲೇಜಿನಲ್ಲಿ ಕಾಫಿ ಕುಡಿಯುತ್ತಾ ಆಡುವ ಹರಟೆಯಲ್ಲ ಎಂದು ನಾನು ಹೇಳುವುದು ಇದಕ್ಕೇ. ಕಾಣುತ್ತದೆ ಎಂದು ನೀವು ಒಪ್ಪಿದ ದಿನ, ಆ ಹೆಂಗಸಿನ ವಿರುದ್ಧ ಸಾಕ್ಷಿ ಸಿಕ್ಕಂತಾಯಿತು.

ಈಗ ನಮ್ಮ ದೀನ್ ಏನು ಹೇಳುತ್ತದೆ ನೋಡೋಣ. ಆಡುವ ಮಾತಿನ ಅರಿವು ಆಡುವವನಿಗೆ ಇರಬೇಕು ಎಂಬುದು ಕುರ್‌ಆನ್ ನಮಾಝಿಗೇ ಇಟ್ಟ ಷರತ್ತು (ಅನ್ನಿಸಾ: 43). ದೇವರ ಮುಂದೆ ನಿಲ್ಲುವುದಕ್ಕೇ ಎಚ್ಚರ ಬೇಕೆಂದ ಮೇಲೆ, ದೇವರ ಹೆಸರಲ್ಲಿ ನೆರೆಯವಳ ಮೇಲೆ ತೀರ್ಪು ಕೊಡುವುದಕ್ಕೆ ಎಚ್ಚರ ಬೇಡವೇ? ಮಲಗಿದವನು, ಮಗು, ಬುದ್ಧಿ ಸ್ವಾಧೀನದಲ್ಲಿ ಇಲ್ಲದವನು ಈ ಮೂವರ ಕರ್ಮ ಬರೆಯುವ ಲೇಖನಿಯನ್ನು ಎತ್ತಿಡಲಾಗಿದೆ ಎಂದು ಪ್ರವಾದಿ(ಸ)ಯವರು ಹೇಳಿದ್ದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಮಜ್ಝೂಬನು ನಮಾಝ್ ಬಿಟ್ಟರೆ ಅವನನ್ನು ಏಕೆಂದು ಕೇಳುವುದಿಲ್ಲ, ಏಕೆಂದರೆ ಅವನ ಲೆಕ್ಕ ಬರೆಯುವ ಲೇಖನಿ ಎತ್ತಿದೆ. ಒಳ್ಳೆಯದು. ಲೇಖನಿ ಎತ್ತಿದ ಮೇಲೆ ಸಾಕ್ಷಿಯ ಸಹಿ ಎಲ್ಲಿಂದ ಬಂತು? ಹೊಣೆ ಇಲ್ಲದವನಿಗೆ ಅಧಿಕಾರ ಕೊಡುವುದು ಯಾವ ಫಿಕ್‌ಹ್?

ಕನಸಿನ ವಿಷಯದಲ್ಲೂ ಹೀಗೆಯೇ. ಅಝಾನಿನ ಮಾತುಗಳು ಅಬ್ದುಲ್ಲಾ ಬಿನ್ ಝೈದ್(ರ) ಎಂಬ ಸಹಾಬಿಗೆ ಕನಸಿನಲ್ಲಿ ಬಂದವು ಎಂಬುದನ್ನು ಕನಸಿನ ಪರವಾಗಿ ವಾದಿಸುವವರು ಎತ್ತಿ ತೋರಿಸುತ್ತಾರೆ. ನಿಜ. ಆದರೆ ಅವರು ಎದ್ದವರೇ ಮದೀನಾದ ಬೀದಿಯಲ್ಲಿ ಕೂಗಲಿಲ್ಲ. ಪ್ರವಾದಿ(ಸ)ಯವರ ಬಳಿ ಹೋಗಿ ಹೇಳಿದರು, ಅವರು ಒಪ್ಪಿದ ಮೇಲೆ ಬಿಲಾಲ್(ರ) ಕೂಗಿದರು. ಅಝಾನ್ ನಿಂತಿರುವುದು ಆ ಒಪ್ಪಿಗೆಯ ಮೇಲೆ. ಹದಿಮೂರನೆಯ ಶತಮಾನದ ಇಮಾಮ್ ನವವಿ ಇನ್ನೂ ಕಟ್ಟುನಿಟ್ಟು. ಶಾಬಾನ್ ಮೂವತ್ತರ ರಾತ್ರಿ ಕನಸಿನಲ್ಲಿ ಸ್ವತಃ ಪ್ರವಾದಿ(ಸ)ಯವರನ್ನು ಕಂಡು, ನಾಳೆ ರಮಝಾನ್ ಎಂದು ಕೇಳಿಸಿಕೊಂಡರೂ ಆ ಮಾತಿನಿಂದ ಉಪವಾಸ ಶುರುವಾಗುವುದಿಲ್ಲ ಎಂದರು. ಕಂಡವನನ್ನು ಅವರು ಸುಳ್ಳುಗಾರ ಎನ್ನಲಿಲ್ಲ. ಮಲಗಿದವನ ಗ್ರಹಿಕೆ ಸಾಕ್ಷಿಗೆ ಯೋಗ್ಯವಲ್ಲ ಎಂದರು. ಚಂದ್ರನನ್ನು ಎಚ್ಚರದ ಕಣ್ಣು ಕಾಣಬೇಕು.

ಇದು ಒಣ ಮುಲ್ಲಾಗಳ ಮಾತು, ಸೂಫಿಗಳನ್ನು ಕೇಳಿ ಎನ್ನುತ್ತೀರಾ? ಕೇಳೋಣ. ಒಂಬತ್ತನೆಯ ಶತಮಾನದಲ್ಲೇ ಸೂಫಿಗಳ ನಡುವೆ ಈ ಜಗಳ ನಡೆದಿದೆ. ಬಾಯಝೀದ್ ಬಿಸ್ತಾಮಿಯ ದಾರಿ 'ಸುಕ್ರ್', ಅಂದರೆ ಅಮಲು. 910ರಲ್ಲಿ ತೀರಿಕೊಂಡ ಬಾಗ್ದಾದಿನ ಜುನೈದರ ದಾರಿ 'ಸಹ್ವ್', ಅಂದರೆ ಎಚ್ಚರ. ಅಮಲು ಬರುತ್ತದೆ, ಬರಲಿ, ಆದರೆ ಅದು ದಾರಿಯ ನಡುವಿನ ತಂಗುದಾಣ, ಊರು ಅದರಾಚೆ ಇದೆ ಎಂಬುದು ಜುನೈದರ ಪಕ್ಷ. ಲಾಹೋರಿನಲ್ಲಿ ಮಲಗಿರುವ ಹುಜ್ವೇರಿಯವರು 'ಕಶ್ಫುಲ್ ಮಹ್‌ಜೂಬ್'ನಲ್ಲಿ ಎರಡೂ ಪಕ್ಷಗಳನ್ನು ತೂಗಿ ಎಚ್ಚರದ ಕಡೆಗೇ ವಾಲಿದರು.

ನನ್ನ ಎದುರು ಪಕ್ಷಕ್ಕೆ ನಿಜವಾಗಿ ಬಲ ಕೊಡುವವರು ಇಮಾಮ್ ಗಝಾಲಿ. ಅವರನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. 1095ರಲ್ಲಿ ಬಾಗ್ದಾದಿನ ದೊಡ್ಡ ಹುದ್ದೆ ತೊರೆದು ಹೊರಟ ಆ ಪಂಡಿತರು ಹೀಗೆ ಕೇಳಿದರು: ಕಣ್ಣಿನ ತಪ್ಪನ್ನು ಬುದ್ಧಿ ತಿದ್ದುತ್ತದೆ, ಹಾಗಾದರೆ ಬುದ್ಧಿಯ ತಪ್ಪನ್ನು ತಿದ್ದುವ ಇನ್ನೊಂದು ನ್ಯಾಯಾಧೀಶ ಏಕಿರಬಾರದು? ಕನಸಿನೊಳಗೆ ಇರುವಾಗ ಕನಸೇ ನಿಜ ಅನಿಸುವುದಿಲ್ಲವೇ? ಪ್ರಶ್ನೆ ಭಾರಿಯಾದುದು. ಆದರೆ ಅದೇ ಗಝಾಲಿ, ಆ ಸ್ಥಿತಿಯಲ್ಲಿ ಕಂಡದ್ದನ್ನು ಮಾತಿಗಿಳಿಸಲು ಹೋದವರೆಲ್ಲ ಎಡವಿದರೆಂದೂ, ಅಮಲಿನಲ್ಲಿ ಆಡಿದ ಮಾತನ್ನು ಊರಿಗೆ ಸಾರದೆ ಮುಚ್ಚಿಡಬೇಕೆಂದೂ ಬರೆದರು. ಅವರು ಮುಚ್ಚಿಡಿ ಎಂದದ್ದನ್ನು ನಾವು ಮೈಕು ಹಚ್ಚಿ ಕೇಳುತ್ತಿದ್ದೇವೆ.

ನಮ್ಮ ಪಕ್ಕದ ಮನೆಯ ಅಲ್ಲಮನೂ ಬೇರೆ ಹೇಳಲಿಲ್ಲ. ಗೋರಕ್ಷನ ದೇಹಕ್ಕೆ ಕತ್ತಿ ಹೊಡೆದರೆ ಖಣಖಣ ಎಂದಿತಂತೆ, ಅಲ್ಲಮನ ದೇಹಕ್ಕೆ ಬೀಸಿದ ಕತ್ತಿ ಬಯಲಲ್ಲಿ ಬೀಸಿದಂತೆ ಹಾಯ್ದು ಹೋಯಿತಂತೆ. ಶೂನ್ಯಸಂಪಾದನೆಯ ಈ ಕಥೆಯಲ್ಲಿ ಸೋತದ್ದು ಯಾವುದು? ಸಿದ್ಧಿಯನ್ನು ಅರಿವೆಂದು ತಿಳಿದ ಹೆಮ್ಮೆ.

ಇನ್ನು ಎದುರಾಳಿಗಳ ವಾದಗಳು. ಮೊದಲನೆಯದು: 'ರುಚಿ ನೋಡದವನಿಗೆ ಜೇನಿನ ಸಿಹಿ ಗೊತ್ತಾಗುವುದಿಲ್ಲ.' ಒಪ್ಪಿದೆ. ಆದರೆ ನಾಲಗೆಗೆ ಗೊತ್ತಾಗುವುದು ಜೇನು ಸಿಹಿ ಎಂಬುದು ಮಾತ್ರ. ಆ ಜೇನು ಯಾವ ಗುಡ್ಡದ್ದು, ಯಾರು ಇಳಿಸಿದರು, ಅದಕ್ಕೆ ಬೆಲ್ಲದ ಪಾಕ ಬೆರೆಸಿದ್ದಾರೆಯೇ ಎಂಬುದನ್ನು ನಾಲಗೆ ಹೇಳದು. ಅಮೆರಿಕದ ವಿಲಿಯಂ ಜೇಮ್ಸ್ 1902ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಇಂಥ ಅನುಭವಗಳ ಒಂದು ಗುಣವನ್ನು ಗುರುತಿಸಿದ: ಅನುಭವಿಸಿದವನಿಗೆ ತಾನು ಏನನ್ನೋ ಅರಿತೆ ಎಂಬ ಗಟ್ಟಿ ಭಾವ ಬರುತ್ತದೆ. ಆ ಭಾವ ಅವನ ಮಟ್ಟಿಗೆ ಪ್ರಮಾಣವಾಗಬಹುದು, ಹೊರಗೆ ನಿಂತವರು ಅದನ್ನು ಒಪ್ಪಲೇಬೇಕೆಂಬ ಹಂಗಿಲ್ಲ ಎಂದೂ ಅವನೇ ಬರೆದ. ಅರಿತೆ ಎಂಬ ಭಾವ ಬೇರೆ, ಅರಿವು ಬೇರೆ. ಅದೇ ದೇಶದ ವೈದ್ಯ, ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ ಈಥರ್ ಮೂಸಿ ವಿಶ್ವದ ರಹಸ್ಯವೆಲ್ಲ ತೆರೆದಂತಾಗಿ, ಅಮಲಿಳಿಯುವ ಮುನ್ನ ಅದನ್ನು ಗೀಚಿಟ್ಟುಕೊಂಡ. ಎಚ್ಚರಾದ ಮೇಲೆ ಓದಿದರೆ, ಟರ್ಪೆಂಟೈನಿನ ವಾಸನೆ ಎಲ್ಲೆಲ್ಲೂ ಇದೆ ಎಂಬರ್ಥದ ಒಂದು ಸಾಲು! 1870ರಲ್ಲಿ ಹಾರ್ವರ್ಡಿನ ಸಭೆಯಲ್ಲಿ ಅವನೇ ಇದನ್ನು ಹೇಳಿದ.

ಎರಡನೆಯ ವಾದ ಜಾಣರದು: 'ಎಚ್ಚರವೂ ಮೆದುಳಿನ ಆಟವೇ ತಾನೇ? ಅದಕ್ಕೆ ಮಾತ್ರ ಯಾಕೆ ಪಟ್ಟ?' ಎಚ್ಚರ ತಪ್ಪು ಮಾಡುವುದಿಲ್ಲ ಎಂದು ನಾನು ಅದಕ್ಕೆ ಪಟ್ಟ ಕಟ್ಟುತ್ತಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊರಡಿ. ರಸ್ತೆಯ ಮೇಲೆ ನೀರು ನಿಂತದ್ದು ಎಚ್ಚರದ ಕಣ್ಣಿಗೇ ಕಾಣುತ್ತದೆ. ಆದರೆ ಹತ್ತಿರ ಹೋಗಬಹುದು. ಪಕ್ಕದಲ್ಲಿ ಕೂತವನನ್ನು ಕೇಳಬಹುದು. ಇಳಿದು ಕೈಯಿಂದ ಮುಟ್ಟಿ ನೋಡಬಹುದು. ತಪ್ಪನ್ನು ಹಿಡಿಯುವ ದಾರಿ ಎಚ್ಚರದೊಳಗೇ ಇದೆ, ಅದೇ ಅದರ ಹೆಚ್ಚುಗಾರಿಕೆ. ಮತ್ತಿನಲ್ಲಿ ಬಂದ ಮಾತು ಈ ಪರೀಕ್ಷೆಗೆ ತಲೆಬಾಗಿದರೆ ಅದನ್ನೂ ಸ್ವೀಕರಿಸೋಣ, ಯಾರು ಬೇಡವೆಂದರು? ಶ್ರೀನಿವಾಸ ರಾಮಾನುಜನ್ ತನ್ನ ಸೂತ್ರಗಳನ್ನು ನಾಮಕ್ಕಲ್ಲಿನ ನಾಮಗಿರಿ ದೇವಿ ಕನಸಿನಲ್ಲಿ ಕೊಡುತ್ತಾಳೆ ಎನ್ನುತ್ತಿದ್ದರು. 1913ರಲ್ಲಿ ಅವರು ಹಾರ್ಡಿಗೆ ಬರೆದ ಪತ್ರದ ಸೂತ್ರಗಳನ್ನು ಗಣಿತಜ್ಞರು ಒಂದೊಂದಾಗಿ ಪರೀಕ್ಷಿಸಿದರು. ಬಹುಪಾಲು ಸರಿಯಾಗಿದ್ದವು, ಜಗತ್ತು ಬೆರಗಾಯಿತು. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಅವರು ಹೇಳಿದ್ದರಲ್ಲಿ ಕೆಲವು ತಪ್ಪಾಗಿದ್ದವು, ಅವನ್ನು ಕೈಬಿಟ್ಟರು. ಸರಿಯೂ ತಪ್ಪೂ ಬಂದದ್ದು ಒಂದೇ ಬಾಗಿಲಿನಿಂದ. ಬಾಗಿಲು ನೋಡಿ ಅವನ್ನು ಬೇರ್ಪಡಿಸಲು ಆಗುತ್ತಿರಲಿಲ್ಲ. ಬೇರ್ಪಡಿಸಿದ್ದು ಹಗಲಿನ ಲೆಕ್ಕ. ಮತ್ತು ಬೀಜ ತರಬಹುದು. ಮೊಳಕೆ ಬರುತ್ತದೋ ಇಲ್ಲವೋ ಎಂಬುದನ್ನು ಹೊಲವೇ ಹೇಳಬೇಕು.

ಮೂರನೆಯದು: 'ಎಲ್ಲ ಕಾಲದ, ಎಲ್ಲ ದೇಶದ ಅನುಭಾವಿಗಳೂ ಕಂಡದ್ದು ಒಂದನ್ನೇ, ಎಲ್ಲವೂ ಒಂದೇ ಎಂಬುದನ್ನೇ. ಇಷ್ಟು ಜನ ತಪ್ಪುತ್ತಾರೆಯೇ?' ಶೇಖ್ ಅಹ್ಮದ್ ಸರ್ಹಿಂದಿ (1564-1624) ಇದಕ್ಕೆ ಒಂದು ಉಪಮೆ ಕೊಟ್ಟಿದ್ದಾರೆ. ಹಗಲಿನಲ್ಲಿ ಸೂರ್ಯನನ್ನು ನೋಡುವವನಿಗೆ ನಕ್ಷತ್ರ ಕಾಣುವುದಿಲ್ಲ. ಕಾಣುವುದಿಲ್ಲ ಎಂಬುದು ಅವನ ಅನುಭವ, ಅದು ನಿಜ. ನಕ್ಷತ್ರಗಳೇ ಇಲ್ಲ ಎಂದರೆ ಅದು ಸುಳ್ಳು. ಒಂದೇ ಕಂಡಿತು ಎನ್ನುವುದಕ್ಕೂ ಒಂದೇ ಇದೆ ಎನ್ನುವುದಕ್ಕೂ ನಡುವಿನ ಅಂತರ ಎಷ್ಟೆಂದು ಆ ಸೂಫಿಗೆ ಗೊತ್ತಿತ್ತು. ಅಲ್ಲದೆ ಎಲ್ಲರೂ ಕಾಣುವುದು ಒಂದನ್ನೇ ಎಂಬುದೂ ಪೂರ್ತಿ ನಿಜವಲ್ಲ. ನಮ್ಮಲ್ಲಿ ಮೈಮೇಲೆ ಬರುವವರು ಪಂಚಾಂಗ ನೋಡಿಕೊಂಡು ಬರುತ್ತಾರೆ! ಜಾತ್ರೆಯಲ್ಲಿ ಅಮ್ಮ ಬರುತ್ತಾಳೆ, ಮೊಹರಮ್ಮಿನಲ್ಲಿ ಹಸೇನ್-ಹುಸೇನರು ಬರುತ್ತಾರೆ, ಗುರುವಾರ ದರ್ಗಾದಲ್ಲಿ ಜಿನ್ನು ಬರುತ್ತದೆ. ನಾಯಕರ ಹುಡುಗನ ಮೈಮೇಲೆ ಕರ್ಬಲಾದ ಶಹೀದರು ಬರುತ್ತಾರೆ, ಅರಬಸ್ಥಾನದ ಶೇಖನ ಮೈಮೇಲೆ ಮೈಲಾರಲಿಂಗ ಬರುವುದಿಲ್ಲ. ಬರುವುದು ಊರಿನ ನೆನಪು. ಆ ನೆನಪಿಗೆ ಜಾತಿಯ ಗೋಡೆ ಇಲ್ಲ ಎಂಬುದು ಚೆಂದದ ಸಂಗತಿ. ಆದರೆ ಅದು ನಮ್ಮ ಊರಿನ ಬಗೆಗಿನ ಸತ್ಯ, ಪರಲೋಕದ ಬಗೆಗಿನದಲ್ಲ.

ಕೊನೆಯ ವಾದ: 'ಇದರಿಂದ ಜನ ಗುಣವಾಗುತ್ತಾರೆ.' ಆಗುತ್ತಾರೆ, ಕೆಲವರು. 1962ರ ಗುಡ್ ಫ್ರೈಡೇ ದಿನ ಬಾಸ್ಟನ್ನಿನ ಚರ್ಚೊಂದರಲ್ಲಿ 20 ಧರ್ಮಶಾಸ್ತ್ರ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಅಣಬೆಯ ರಾಸಾಯನಿಕವಾದ ಸೈಲೋಸೈಬಿನ್ ಪಡೆದ ಹತ್ತು ಮಂದಿಯಲ್ಲಿ ಹೆಚ್ಚಿನವರಿಗೆ ಆಳವಾದ ಧಾರ್ಮಿಕ ಅನುಭವವಾಯಿತು. 2006ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಪ್ರಕಟಿಸಿದ, 36 ಮಂದಿಯ ಮೇಲಿನ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ಜನ ಅದನ್ನು ತಮ್ಮ ಬದುಕಿನ ಐದು ಅತಿ ಮುಖ್ಯ ಅನುಭವಗಳಲ್ಲಿ ಒಂದೆಂದರು. ಇದನ್ನು ಹೇಳುವವರು ಇನ್ನರ್ಧವನ್ನು ಹೇಳುವುದಿಲ್ಲ. 2006ರ ಅಧ್ಯಯನದಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ತೀವ್ರ ಭಯವನ್ನೂ ಅನುಭವಿಸಿದರು. 1962ರ ಹುಡುಗರಲ್ಲೊಬ್ಬ, ತಾನು ಜಗತ್ತಿಗೆ ಸಂದೇಶ ತಲುಪಿಸಲು ಆಯ್ಕೆಯಾದವನೆಂದು ನಂಬಿ ಚರ್ಚಿನಿಂದ ಹೊರಗೆ ಓಡಿದ, ಹಿಡಿದು ತಂದು ಚುಚ್ಚುಮದ್ದು ಕೊಡಬೇಕಾಯಿತು. ಆ ಸಂಗತಿ ಮೊದಲ ವರದಿಯಲ್ಲಿ ಇರಲಿಲ್ಲ, ಬಯಲಾದದ್ದು 1991ರಲ್ಲಿ. ಅದೇನೇ ಇರಲಿ, ಗುಣವಾಗುವುದು ಒಂದು, ನಿಜವಾಗುವುದು ಇನ್ನೊಂದು. ಅಮ್ಮ ಊದಿದರೆ ಮಗುವಿನ ಗಾಯದ ನೋವು ಕಡಿಮೆಯಾಗುತ್ತದೆ. ಅಮ್ಮನ ಉಸಿರಿನಲ್ಲಿ ಔಷಧಿ ಇದೆ ಎಂದು ಅದು ಸಾಬೀತು ಮಾಡುವುದಿಲ್ಲ. ಅಮ್ಮ ಇದ್ದಾಳೆ ಎಂಬುದನ್ನು ಮಾತ್ರ ಸಾಬೀತು ಮಾಡುತ್ತದೆ.

ಹಾಗಾದರೆ ಮೈಮೇಲೆ ಬಂದವರ ಮಾತಿನಲ್ಲಿ ಸತ್ಯವೇ ಇಲ್ಲವೇ? ಇದೆ. ನಮ್ಮ ವಿಚಾರವಾದಿ ಗೆಳೆಯರ ಜೊತೆ ನನ್ನ ದಾರಿ ಕವಲೊಡೆಯುವುದು ಇಲ್ಲಿ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದಾಗ ಎದುರಿಸಿದ ವಿರೋಧ ಸಣ್ಣದಲ್ಲ. ಆ ಎದೆಗಾರಿಕೆಗೆ ಸಲಾಮು. ಆದರೆ ಹಾಜರಿ ಬಂದು ಕೂದಲು ಬಿಚ್ಚಿ ಕುಣಿಯುವ ಹೆಣ್ಣುಮಗಳನ್ನು ನೋಡಿ 'ಎಲ್ಲಾ ನಾಟಕ' ಎಂದು ನಕ್ಕು ಹೋಗುವವನು ಮುಜಾವರನಷ್ಟೇ ಕಿವುಡ. ಅವಳು ಏನು ಕೂಗುತ್ತಾಳೆ ಎಂದು ಒಮ್ಮೆ ಕಿವಿಗೊಟ್ಟು ಕೇಳಿ. ಗಂಡನ ಹೆಸರು ಹಿಡಿದು ಏಕವಚನದಲ್ಲಿ ಬೈಯುತ್ತಾಳೆ. ಅತ್ತೆಯನ್ನು ಕಾಲ ಬಳಿ ಕೂರಿಸಿಕೊಂಡು ಕ್ಷಮೆ ಕೇಳಿಸುತ್ತಾಳೆ. ಹೊಸ ಸೀರೆ ಬೇಕು, ಕೋಳಿ ಬೇಕು, ತವರಿಗೆ ಕಳಿಸು ಎನ್ನುತ್ತಾಳೆ. ಎಚ್ಚರದಲ್ಲಿ ಇದರಲ್ಲಿ ಒಂದು ಮಾತಾಡಿದರೂ ಹಲ್ಲು ಮುರಿಯುವ ಮನೆಯವರು ಈಗ ಕೈಮುಗಿದು 'ಆಗಲಿ ಬಾವಾ, ಆಗಲಿ' ಎನ್ನುತ್ತಾರೆ. ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಐ.ಎಂ. ಲೂಯಿಸ್ ಸೊಮಾಲಿಯಾದ ಮುಸ್ಲಿಂ ಹೆಂಗಸರಲ್ಲಿ ಇದನ್ನೇ ಕಂಡು 1971ರಲ್ಲಿ ಪುಸ್ತಕ ಬರೆದ: ಬಾಯಿಲ್ಲದವರಿಗೆ ಸಿಕ್ಕ ಬಾಯಿ ಅದು. ಅವಳು ಬೇಕೆಂದೇ ನಟಿಸುತ್ತಿದ್ದಾಳೆ ಎಂದಲ್ಲ. ಎಚ್ಚರದ ಬಾಗಿಲಿಗೆ ನಾವು ಬೀಗ ಜಡಿದಿದ್ದೇವೆ, ದುಃಖ ಕಿಟಕಿ ಹುಡುಕಿಕೊಂಡಿದೆ. ಆ ಮಾತು ಜಿನ್ನಿನದೆಂದು ಕೈಮುಗಿಯುವವನೂ, ನಾಟಕವೆಂದು ನಗುವವನೂ ಇಬ್ಬರೂ ತಪ್ಪಿಸಿಕೊಳ್ಳುತ್ತಿರುವುದು ಒಂದರಿಂದಲೇ: ಅದು ಅವಳದೇ ಮಾತು ಎಂಬುದರಿಂದ.

ಎಲ್ಲ ಕೂಗೂ ದುಃಖದ್ದಲ್ಲ, ಕೆಲವು ಕಾಯಿಲೆಯವು. ಇಲ್ಲಿ ಬಳ್ಳಾರಿಯವರಾದ ನಾವು ಒಂದು ವಿಷಯ ನೆನಪಿಡಬೇಕು. ಗಣಿ, ಧೂಳು, ಜೀನ್ಸು, ರಾಜಕೀಯ ಇವುಗಳಿಂದ ಹೆಸರಾದ ನಮ್ಮ ಜಿಲ್ಲೆಗೆ ಮಾನಸಿಕ ಆರೋಗ್ಯದ ಚರಿತ್ರೆಯಲ್ಲಿ ಬೇರೊಂದು ಹೆಸರಿದೆ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗವೊಂದನ್ನು ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮೂರ್ಛೆರೋಗ, ಮನೋರೋಗಗಳನ್ನು ಗುರುತಿಸುವ ತರಬೇತಿ ಕೊಟ್ಟು, ಊರ ಹತ್ತಿರದ ಆಸ್ಪತ್ರೆಯಲ್ಲೇ ಮಾತ್ರೆ ಸಿಗುವಂತೆ ಮಾಡಿತು. ಇದೇ 'ಬಳ್ಳಾರಿ ಮಾದರಿ' ಎಂದು ಹೆಸರಾಗಿ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ದರ್ಗಾದ ಕಂಬಕ್ಕೆ ಕಟ್ಟಿದವರಲ್ಲಿ ಎಷ್ಟೋ ಮಂದಿ ಮಾತ್ರೆ ನುಂಗಿ ಹೊಲಕ್ಕೆ ಹೋಗಬಲ್ಲರು ಎಂದು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಜಿಲ್ಲೆ. ಆ ಪಾಠವನ್ನು ನಾವೇ ಓದಲಿಲ್ಲ.

ಓದದಿದ್ದರೆ ಏನಾಗುತ್ತದೆಂದು 2001ರ ಆಗಸ್ಟ್ 6ರ ಬೆಳಗಿನ ಜಾವ ಗೊತ್ತಾಯಿತು. ತಮಿಳುನಾಡಿನ ಏರ್ವಾಡಿ ದರ್ಗಾದ ಬಳಿ ಖಾಸಗಿಯವರು ನಡೆಸುತ್ತಿದ್ದ ಚಪ್ಪರದಂಥ ಆಶ್ರಯದಲ್ಲಿ ಬೆಂಕಿ ಬಿತ್ತು. ಸರಪಳಿ ಹಾಕಿ ಕಟ್ಟಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರ ಮನೆಯವರು ಕ್ರೂರಿಗಳಲ್ಲ. ಕನಸಿನಲ್ಲಿ ಬಾಬಾರ ಅಪ್ಪಣೆಯಾಗುವವರೆಗೆ ಬಿಡಿಸಬಾರದೆಂದು ನಂಬಿದವರು ಅವರಲ್ಲಿದ್ದರು. ಅಪ್ಪಣೆಗೆ ಮುಂಚೆ ಬೆಂಕಿ ಬಂತು.

ಕಾನೂನುಗಳಿವೆ. ಮಾನಸಿಕ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದನ್ನು 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಮೌಢ್ಯ ವಿರೋಧಿ ಕಾಯ್ದೆ ಅಪರಾಧವೆನ್ನುತ್ತದೆ. ಆದರೆ ಪೊಲೀಸರು ಬಂದು ನಮ್ಮ ದರ್ಗಾಗಳನ್ನು ತಿದ್ದುವವರೆಗೆ ಕಾಯುವುದು ನಮಗೆ ಶೋಭೆಯಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 'ದವಾ ಮತ್ತು ದುವಾ' ಎಂಬ ವ್ಯವಸ್ಥೆ ನಡೆದು ಬಂದಿದೆ. ಮುಜಾವರರು ದುವಾ ಮಾಡುತ್ತಾರೆ, ಜೊತೆಗೆ ಅಲ್ಲೇ ಇರುವ ಮನೋವೈದ್ಯರ ಬಳಿಗೆ ಕಳಿಸುತ್ತಾರೆ. ದುವಾಕ್ಕೆ ದವಾ ವೈರಿಯಲ್ಲ ಎಂದು ಅಲ್ಲಿನ ಮುಜಾವರರಿಗೆ ಅರ್ಥವಾಗಿದೆ. ನಮ್ಮವರಿಗೆ ಏಕೆ ಆಗಬಾರದು?

ಕಥೆ ಬರೆಯುವ ನನಗೂ ಮತ್ತಿನ ಪರಿಚಯ ಇಲ್ಲದಿಲ್ಲ. ರಾತ್ರಿ ಬರೆಯುವಾಗ ಪಾತ್ರಗಳು ಬಂದು ಕಿವಿಯಲ್ಲಿ ಮಾತಾಡುತ್ತವೆ. ಬೆಳಿಗ್ಗೆ ಓದಿದರೆ ಅದರಲ್ಲಿ ಮುಕ್ಕಾಲು ಹರಿದು ಹಾಕಬೇಕಾಗುತ್ತದೆ. ಉಳಿದ ಕಾಲು ಭಾಗ ಎಚ್ಚರದಲ್ಲಿ ನನಗೆ ಸಿಗುತ್ತಿರಲಿಲ್ಲ ಎಂಬುದೂ ನಿಜ. ನಮ್ಮೂರಿನ ಬಳ್ಳಾರಿ ರಾಘವ ಹಗಲು ವಕೀಲರು, ರಾತ್ರಿ ರಂಗದ ಮೇಲೆ ಪಠಾಣ್ ರುಸ್ತುಂ. ಪಾತ್ರ ಮೈದುಂಬಿದ ಮಾತು ಪ್ರೇಕ್ಷಕರನ್ನು ಅಳಿಸಬಲ್ಲದು, ಅದರಿಂದ ಮನುಷ್ಯನ ಮನಸ್ಸಿನ ಬಗ್ಗೆ ನಾವು ಕಲಿಯಲೂಬಹುದು. ಆದರೆ ಅದೇ ಮಾತನ್ನು ಮಾರನೆಯ ದಿನ ಕೋರ್ಟಿನ ಕಟಕಟೆಗೆ ಸಾಕ್ಷಿಯಾಗಿ ತರಲು ಯಾವ ವಕೀಲನೂ ಒಪ್ಪುವುದಿಲ್ಲ.

ನಾನು ಕೇಳುವುದು ಹೆಚ್ಚಿನದೇನಲ್ಲ. ಪೀರು ಏಳಲಿ, ಹಲಗೆ ಬಡಿಯಲಿ, ಅಲಾಯಿ ಕುಣಿಯ ಸುತ್ತ ನಾಯಕರೂ ಕುರುಬರೂ ಸಾಬರೂ ಕೈ ಹಿಡಿದು ಹೆಜ್ಜೆ ಹಾಕಲಿ. 'ಯಾರು ಮಾಡಿಸಿದ್ದು' ಎಂಬ ಪ್ರಶ್ನೆಯನ್ನು ಮಾತ್ರ ಪೀರಿನ ಮುಂದೆ ಕೇಳಕೂಡದೆಂದು ಊರ ಹಿರಿಯರು ಕಟ್ಟುಮಾಡಲಿ. ಮುಜಾವರರು ಯಾರ ಹೆಸರನ್ನೂ, ಯಾವ ದಿಕ್ಕನ್ನೂ ಹೇಳದಿರಲಿ. ಉರೂಸಿನ ದಿನ ಶರಬತ್ತಿನ ಪಕ್ಕದಲ್ಲಿ ಆರೋಗ್ಯ ಕೇಂದ್ರದವರಿಗೂ ಒಂದು ಮೇಜು ಹಾಕಿಕೊಡಿ. ಹಾಜರಿ ಬಂದ ಮಗಳು ಮನೆಗೆ ಮರಳಿದ ಮೇಲೆ, ಅವಳು ಎಚ್ಚರವಾಗಿರುವಾಗ, ಅವಳ ಪಕ್ಕದಲ್ಲಿ ಕೂತು ಕೇಳಿ: 'ಏನವ್ವಾ, ನಿನಗೆ ಏನು ಬೇಕು?' ಎಚ್ಚರದಲ್ಲಿ ಕೇಳದ ಮನೆಯಲ್ಲೇ ಜಿನ್ನು ಬರುವುದು.